ಸುಬ್ಬುವಿನ ಮೆದುಳಿಗೆ 31

"ನನ್ನ ಮೆದುಳಿನ ವಯಸ್ಸು ಎಷ್ಟು ಹೇಳು ನೋಡೋಣ?" ಸುಬ್ಬು ಕೂರುವ ಮೊದಲೇ ಮೊಬೈಲನ್ನು ನಾಣಿಯ ಮೂಗಿಗೆ ಹಿಡಿದ.

"ಮೊದಲು ಅದು ಹುಟ್ಟಲಿ, ಆಮೇಲೆ ಲೆಕ್ಕ ಹಾಕೋಣ," ಎಂದ ನಾಣಿ.

"31 ಕಣೋ! ನನಗೆ 66, ನನ್ನ ಮೆದುಳಿಗೆ 31. ಆ್ಯಪೇ ಹೇಳಿದೆ."

"ನಿನ್ನ ಮಗನಿಗೆ 34 ಅಲ್ವಾ? ಇನ್ನು ಮೇಲೆ ಹಬ್ಬಕ್ಕೆ ನೀನೇ ಅವನ ಕಾಲಿಗೆ ಬೀಳಬೇಕು."

ಮೇಷ್ಟ್ರು ಪೇಪರ್ ಮಡಿಸಿದರು. "ಏನಪ್ಪಾ ಇದು?"

"ಇಂಟೆಲೆಕ್ಚುಯಲ್ ವೆಲ್‌ನೆಸ್, ಮೇಷ್ಟ್ರೇ. ದಿನಾ ಬೆಳಿಗ್ಗೆ ಹತ್ತು ನಿಮಿಷ ಬಣ್ಣದ ಗುಳ್ಳೆ ಒಡೆಯೋದು. ಆಮೇಲೆ ಸುಡೊಕು. ಆಮೇಲೆ ಒಂದು ಪುಸ್ತಕದ ಸಾರಾಂಶ. ಬುದ್ಧಿ ಚುರುಕಾಗುತ್ತೆ."

"31 ಅಂದ್ರೆ ಮದುವೆ ವಯಸ್ಸು ಮೀರ್ತಾ ಇದೆ," ನಾಣಿಗೆ ಚಿಂತೆ ಹತ್ತಿತು. "ಮ್ಯಾಟ್ರಿಮೊನಿಯಲ್ಲಿ ಹಾಕೋಣ. ವರನ ಮೆದುಳಿಗೆ 31, ಮಂಡಿಗೆ 80, ಸ್ವಂತ ಮನೆ ಇದೆ. ಮತ್ತೆ ನೋಡು, ಬಸ್ಸಲ್ಲಿ ಹಿರಿಯ ನಾಗರಿಕ ಅಂತ ರಿಯಾಯಿತಿ ತಗೋತೀಯಲ್ಲ, ಅದು ಮೋಸ. ಕುತ್ತಿಗೆಯಿಂದ ಮೇಲಕ್ಕೆ ಫುಲ್ ಟಿಕೆಟ್ ತಗೋ."

ಮೇಷ್ಟ್ರು ಕನ್ನಡಕ ಏರಿಸಿದರು. "ಅಮೆರಿಕದಲ್ಲಿ ಲುಮೋಸಿಟಿ ಅಂತ ಇಂಥದ್ದೇ ಒಂದು ಇತ್ತು. ಮರೆವು ದೂರ ಆಗುತ್ತೆ ಅಂತೆಲ್ಲ ಜಾಹೀರಾತು ಕೊಟ್ಟಿದ್ದರು. ಇದಕ್ಕೆ ಆಧಾರ ಎಲ್ಲಿ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿಯಿತು. 2016ರಲ್ಲಿ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡರು. ಗುಳ್ಳೆ ಒಡೆದರೆ ಗುಳ್ಳೆ ಒಡೆಯೋದರಲ್ಲಿ ಜಾಣ ಆಗ್ತೀಯ. ಅಷ್ಟಂತೂ ಗ್ಯಾರಂಟಿ."

"ಎಲ್ಲಾದರೂ ಗುಳ್ಳೆ ಒಡೆಯೋ ಕೆಲಸ ಖಾಲಿ ಇದ್ದರೆ ಹೇಳಿ, ಇವನು ಅರ್ಜಿ ಹಾಕಲಿ," ಎಂದ ನಾಣಿ.

ಸುಬ್ಬುವಿಗೆ ರೋಷ ಬಂತು. "ಗುಳ್ಳೆ ಬಿಡಿ. ನಿನ್ನೆ ಮಂಕುತಿಮ್ಮನ ಕಗ್ಗ ಮುಗಿಸಿದೆ. ಪೂರ್ತಿ. 12 ನಿಮಿಷದಲ್ಲಿ."

ಮೇಷ್ಟ್ರು ಮನಸ್ಸಿನಲ್ಲೇ ಭಾಗಿಸಿದರು. "945 ಪದ್ಯ. ಒಂದಕ್ಕೆ ಒಂದು ಸೆಕೆಂಡೂ ಬೀಳಲಿಲ್ಲವಲ್ಲೋ!"

"ಡಿವಿಜಿ ಪಾಪ ಒಂದು ಆಯುಷ್ಯವನ್ನೇ ಭಟ್ಟಿ ಇಳಿಸಿ ನಾಲ್ಕು ನಾಲ್ಕು ಸಾಲು ಮಾಡಿಟ್ಟರು," ಎಂದ ನಾಣಿ. "ನೀನು ತಿಳಿಸಾರಿಗೆ ಮತ್ತೆ ನೀರು ಹಾಕಿಸಿಕೊಂಡು ಕುಡಿದು ಬಂದಿದೀಯ. ಸರಿ, ಏನು ತಿಳೀತು?"

"ಅದೇ... ಹೊಂದಿಕೊಂಡು ಹೋಗಬೇಕು ಅಂತ."

"ಇದಕ್ಕೆ 12 ನಿಮಿಷ ಯಾಕೆ? ನಿನ್ನ ಹೆಂಡತಿ ಎರಡೇ ಸೆಕೆಂಡಲ್ಲಿ ಹೇಳ್ತಾರೆ."

ಆ್ಯಪಿಗೆ ವರ್ಷಕ್ಕೆ ಚಂದಾ ಬೇರೆ ಇದೆಯಂತೆ. ಎಷ್ಟು ಅಂತ ಸುಬ್ಬು ಬಾಯಿ ಬಿಡಲಿಲ್ಲ. ಮೇಷ್ಟ್ರಿಗೆ ಸಂಕಟವಾಯಿತು. "ಆಸ್ತಿ ತೆರಿಗೆ ಜೊತೆ ಗ್ರಂಥಾಲಯದ ಸೆಸ್ ಅಂತ ನೂರಕ್ಕೆ 6 ರೂಪಾಯಿ ಕಟ್ತೀಯಲ್ಲ, ಅದರದ್ದೇ ಲೈಬ್ರರಿ ನಿಮ್ಮ ಬೀದಿ ಕೊನೆಯಲ್ಲಿದೆ. ಡಿವಿಜಿ ಅವರೇ 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆ ಇಲ್ಲೇ ಬಸವನಗುಡಿಯಲ್ಲಿದೆ. ಒಂದು ದಿನ ಕಾಲಿಟ್ಟಿದೀಯಾ?"

"ಅಲ್ಲಿ ಸ್ಕೋರ್ ಕೊಡಲ್ಲ ಮೇಷ್ಟ್ರೇ," ಎಂದ ನಾಣಿ. "ಪುಸ್ತಕ ಮುಗಿಸಿದ್ರೆ ಪಟಾಕಿನೂ ಹಾರಲ್ಲ. ಹೋಗಿ ಏನು ಮಾಡ್ತಾನೆ?"

"ಸ್ಕೋರ್ ಅಂದ್ರೆ ತಪ್ಪೇನಿದೆ?" ಸುಬ್ಬು ಸಿಡುಕಿದ. "ಚೆನ್ನೈನಲ್ಲಿ ವಿಶ್ವನಾಥ್ 97ಕ್ಕೆ ಔಟಾದಾಗ ನೀನೇ ಎರಡು ದಿನ ಊಟ ಬಿಟ್ಟಿದ್ದೆ."

ನಾಣಿಯ ಲೋಟ ಟಕ್ಕೆಂದು ಟೇಬಲ್ ಮೇಲೆ ಕೂತಿತು. "ಔಟಾದನಾ? ಔಟ್ ಆಗಲೇ ಇಲ್ಲ ಕಣೋ!"

"ಆದ."

"ನಾಟ್ ಔಟ್! 1975, ವೆಸ್ಟ್ ಇಂಡೀಸ್. ಒಂದು ಕಡೆ ಎಲ್ಲರೂ ಉದುರಿ ಹೋದರು. ಟೀಮಿಗೆ ಬರೀ 190."

ಸುಬ್ಬುವಿನ ಕೈ ಮೊಬೈಲಿನ ಕಡೆ ಹೋಯಿತು. ನಾಣಿ ಅದರ ಮೇಲೆ ಪೇಪರ್ ಹಾಕಿ ಅಂಗೈ ಒತ್ತಿದ. "ಮುಟ್ಟಬೇಡ. ಕೊನೆಗೆ ಔಟಾದವನು ಯಾರು? ನೆನಪು ಮಾಡ್ಕೋ."

ಸುಬ್ಬು ಕಣ್ಣು ಮುಚ್ಚಿದ. ತುಟಿ ಅಲ್ಲಾಡಿತು. ಹಣೆ ಗಂಟಿಕ್ಕಿತು. ಆಮೇಲೆ ಮುಖ ಅರಳಿತು. "ಚಂದ್ರ! ಚಂದ್ರಶೇಖರ್!"

"ಪಾಪ, ಅವನನ್ನು ಬಯ್ಯೋ ಹಾಗಿಲ್ಲ," ಎಂದರು ಮೇಷ್ಟ್ರು. "ಟೆಸ್ಟ್‌ನಲ್ಲಿ ಅವನ ವಿಕೆಟ್ 242, ಜನ್ಮದಲ್ಲಿ ಹೊಡೆದ ರನ್ 167."

"ಆವತ್ತು ಕಾಮೆಂಟರಿ ಕೇಳಿದ್ದು ರಂಗನ ಟ್ರಾನ್ಸಿಸ್ಟರ್‌ನಲ್ಲಿ," ಎಂದ ಸುಬ್ಬು. "ಸೆಲ್ ವೀಕ್ ಆಗಿತ್ತು. ಮೂರು ಜನಾನೂ ಕಿವಿ ಅಂಟಿಸಿಕೊಂಡು ಕೂತಿದ್ವಿ."

ಪೇಪರ್ ಅಡಿಯಿಂದ ಮೊಬೈಲ್ ಟಿಣ್ ಅಂದಿತು. ಇವತ್ತಿನ ಗುಳ್ಳೆ ಬಾಕಿ ಇರಬೇಕು. ಯಾರೂ ಆ ಕಡೆ ನೋಡಲಿಲ್ಲ.

"ರಾಬರ್ಟ್ಸ್‌ಗೆ ಆ ಇನಿಂಗ್ಸ್‌ನಲ್ಲಿ ಏಳು ವಿಕೆಟ್," ಎಂದ ನಾಣಿ. "ರಂಗ ಇದ್ದಿದ್ದರೆ ಎಂಟು ಅಂತ ಹಟ ಹಿಡೀತಿದ್ದ. ಏಳು ಅಂತ ಅವನಿಗೂ ಗೊತ್ತು. ಜಗಳ ಬೇಗ ಮುಗಿದ್ರೆ ಮನೆಗೆ ಹೋಗಬೇಕಲ್ಲ, ಅದಕ್ಕೆ."

ಮೇಷ್ಟ್ರು ಖಾಲಿ ಲೋಟ ತಿರುಗಿಸುತ್ತಾ ಕೂತರು.

"ಎಂಟು," ಎಂದ ಸುಬ್ಬು.

"ಏಳು ಕಣೋ, ಪೆದ್ದ!"

"ಎಂಟೇ. ಏನ್ ಬೆಟ್ಟು?"

ನಾಣಿ ಸುಬ್ಬುವನ್ನು ಒಂದು ಸಲ ನೋಡಿದ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ಮಾಣಿಗೆ ಇನ್ನೂ ಮೂರು ಕಾಫಿ ಎಂದು ಕೂಗಿದ.