ಆಂಬುಲೆನ್ಸ್‌ನಲ್ಲಿ ಮಗುವಿಗೆ ಟ್ಯೂಬ್ ಹಾಕಲಿಲ್ಲ, ಬರೀ ಮಾಸ್ಕ್ ಹಿಡಿದರು. ಇದು ಸರೀನಾ?

ಪ್ರಶ್ನೆ (ಅರಸೀಕೆರೆ ಕಡೆಯವನು):
ಹೋದ ತಿಂಗಳು ನನ್ನ ಅಕ್ಕನ ಮಗ ಟ್ರ್ಯಾಕ್ಟರ್ ಟ್ರೈಲರ್‌ನಿಂದ ಬಿದ್ದ. 4 ವರ್ಷ. ತಲೆಗೆ ಪೆಟ್ಟು, ಮೂಗಿನಲ್ಲಿ ರಕ್ತ. ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯತೊಡಗಿದ. ‘ಸುಸ್ತಾಗಿ ನಿದ್ದೆ ಬಂದಿದೆ, ಎಬ್ಬಿಸಬೇಡಿ’ ಅಂದರು ಅಜ್ಜಿ. ಆಂಬುಲೆನ್ಸ್‌ನ ಹುಡುಗ ಬಂದವನೇ ಮಗುವಿನ ಭುಜದ ಕೆಳಗೆ ಟವೆಲ್ ಮಡಚಿಟ್ಟ. ಎರಡೂ ಕೈಯಲ್ಲಿ ದವಡೆ ಹಿಡಿದ. ಆಮೇಲೆ ದಾರಿಯುದ್ದಕ್ಕೂ ಮಾಸ್ಕ್ ಒತ್ತಿ ಹಿಡಿದು, ಅದಕ್ಕೆ ಜೋಡಿಸಿದ ಗಾಳಿಯ ಬ್ಯಾಗ್ ಅದುಮುತ್ತಾ ಬಂದ. 40 ನಿಮಿಷ! ಗಂಟಲಿಗೆ ಟ್ಯೂಬ್ ಹಾಕಲೇ ಇಲ್ಲ. ಆಸ್ಪತ್ರೆಗೆ ಹೋದ ಕೂಡಲೇ ಡಾಕ್ಟರು ಹಾಕಿದರು. ಮಗು ಈಗ ಮನೆಯಲ್ಲಿದ್ದಾನೆ, ಓಡಾಡುತ್ತಾನೆ. ಆದರೆ ಭಾವ ಇನ್ನೂ ಸಿಟ್ಟಿನಲ್ಲಿದ್ದಾರೆ. ಆ ಹುಡುಗನ ಮೇಲೆ ದೂರು ಕೊಡಬೇಕು ಅಂತಾರೆ. ತಿಳಿದವರು ಹೇಳಿ.

ಉತ್ತರ 1 (ಆಂಬುಲೆನ್ಸ್‌ನಲ್ಲಿ 11 ವರ್ಷ ಕೆಲಸ):
ಅಣ್ಣಾ, ದೂರು ಕೊಡಬೇಡಿ. ಆ ಹುಡುಗ ಮಾಡಿದ್ದು ಸರಿಯಾದ ಕೆಲಸ.

ಮೊದಲು ಆ ಗೊರಕೆ. ಅದು ನಿದ್ದೆಯಲ್ಲ. ಪ್ರಜ್ಞೆ ತಪ್ಪಿದಾಗ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡ ಬರುತ್ತದೆ. ಮಕ್ಕಳ ಬಾಯಿ ಸಣ್ಣದು, ಅದಕ್ಕೆ ನಾಲಿಗೆ ದೊಡ್ಡದು. ತಲೆಯ ಹಿಂಭಾಗವೂ ದೊಡ್ಡದು, ಹಾಗಾಗಿ ಅಂಗಾತ ಮಲಗಿಸಿದರೆ ಗದ್ದ ಎದೆಗೆ ಬಾಗುತ್ತದೆ. ಭುಜದ ಕೆಳಗೆ ಟವೆಲ್ ಇಟ್ಟದ್ದು ಅದಕ್ಕೇ.

ಇನ್ನು ಟ್ಯೂಬ್, ಅಂದರೆ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಇಳಿಸುವ ಕೊಳವೆ. ಅಮೆರಿಕದ ಲಾಸ್ ಏಂಜಲೀಸ್ ಮತ್ತು ಆರೆಂಜ್ ಕೌಂಟಿಯಲ್ಲಿ 12 ವರ್ಷದವರೆಗಿನ 830 ಮಕ್ಕಳ ಮೇಲೆ ಇದನ್ನೇ ಹೋಲಿಸಿ ನೋಡಿದರು. ಕೆಲವರಿಗೆ ಬರೀ ಬ್ಯಾಗ್ ಮಾಸ್ಕ್, ಉಳಿದವರಿಗೆ ಟ್ಯೂಬ್ ಹಾಕುವ ಪ್ರಯತ್ನ. 2000ದಲ್ಲಿ ಫಲಿತಾಂಶ ಬಂತು. ಟ್ಯೂಬ್‌ನಿಂದ ಬದುಕುಳಿದವರ ಸಂಖ್ಯೆ ಹೆಚ್ಚಲಿಲ್ಲ.

ಕಾರಣ ನನಗೆ ಕೈಯಲ್ಲೇ ಗೊತ್ತು. 4 ವರ್ಷದ ಮಗುವಿನ ಟ್ಯೂಬಿನ ಒಳ ಅಳತೆ 5 ಮಿಲಿಮೀಟರ್ ಆಸುಪಾಸು. ತಲೆ ಮುಂದಕ್ಕೆ ಬಾಗಿದರೆ ಅದು ಒಳಕ್ಕಿಳಿಯುತ್ತದೆ, ಹಿಂದಕ್ಕೆ ಹೋದರೆ ಮೇಲೇರುತ್ತದೆ. ನಮ್ಮ ರಸ್ತೆ ಉಬ್ಬುಗಳಲ್ಲಿ ಯೋಚಿಸಿ ನೋಡಿ. ಅದು ಅನ್ನನಾಳಕ್ಕೆ ಹೋಗಿ ಯಾರೂ ಗಮನಿಸದಿದ್ದರೆ ಮಗು ಉಳಿಯುವುದಿಲ್ಲ. ಮಾಸ್ಕ್ ಕೆಲಸ ಮಾಡದಿದ್ದರೆ ಬೇರೆ ದಾರಿ ಹುಡುಕಲೇಬೇಕು, ಒಪ್ಪುತ್ತೇನೆ. ಆದರೆ ಮಾಸ್ಕ್ ಸುಲಭ ಅಂದುಕೊಳ್ಳಬೇಡಿ. ಬ್ಯಾಗ್ ಜೋರಾಗಿ ಅದುಮಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಎದೆ ಸ್ವಲ್ಪ ಏಳುವಷ್ಟೇ ಸಾಕು, 2-3 ಸೆಕೆಂಡಿಗೆ ಒಂದು ಸಲ. 40 ನಿಮಿಷ ಹಾಗೆ ಹಿಡಿದರೆ ಹೆಬ್ಬೆರಳು ಮರಗಟ್ಟುತ್ತದೆ.

ಉತ್ತರ 2 (ಅಂಗನವಾಡಿ ಟೀಚರ್):
ಸರ್, ಆಂಬುಲೆನ್ಸ್ ಬರೋ ತನಕ ನಾವೇನು ಮಾಡಬಹುದು? ನಮ್ಮಲ್ಲಿ ಮಕ್ಕಳು ಬೀಳುತ್ತಲೇ ಇರುತ್ತಾರೆ.

ಉತ್ತರ 3 (ಆಂಬುಲೆನ್ಸ್‌ನವನು):
ಟೀಚರ್, 108ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿ. ತಲೆ ಅಲುಗಾಡಿಸಬೇಡಿ. ಗೊರಕೆ ಕೇಳಿದರೆ ಎರಡೂ ಕಿವಿಯ ಕೆಳಗೆ ದವಡೆಯ ಮೂಲೆ ಸಿಗುತ್ತದಲ್ಲಾ, ಅಲ್ಲಿ ಬೆರಳಿಟ್ಟು ದವಡೆಯನ್ನು ಮುಂದಕ್ಕೆ ಎತ್ತಿ. ಕತ್ತು ಹಿಂದಕ್ಕೆ ಬಾಗಿಸುವುದು ಬೇಡ. ವಾಂತಿ ಬಂದರೆ ತಲೆ, ಕತ್ತು, ಮೈ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ಬಾಯಲ್ಲಿ ಕಾಣುವುದನ್ನು ಮಾತ್ರ ತೆಗೆಯಿರಿ, ಸುಮ್ನೆ ಬೆರಳು ಹಾಕಿ ತಡಕಬೇಡಿ. ನೀರು ಕುಡಿಸುವ ನಮ್ಮ ಅಭ್ಯಾಸ ಇದೆಯಲ್ಲಾ, ಅದು ಖಂಡಿತ ಬೇಡ. ಉಸಿರಾಟವೇ ನಿಂತರೆ ಫೋನಿನಲ್ಲಿ ಹೇಳಿ, ಅವರು ಹೇಳಿದ ಹಾಗೆ ಮಾಡಿ.

ಪ್ರಶ್ನೆ ಕೇಳಿದವನು:
ಈಗ ನೆನಪಾಯಿತು. ಅವನು ದವಡೆ ಹಿಡಿದ ತಕ್ಷಣ ಗೊರಕೆ ನಿಂತಿತ್ತು. ನಾವೆಲ್ಲ ಆಗ ಇನ್ನೂ ಹೆದರಿದ್ದೆವು, ಉಸಿರೇ ನಿಂತಿತು ಅಂತ. ಭಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ದೂರು ಬೇಡ ಅಂದರು. ಆ ಹುಡುಗನನ್ನು ನೋಡಿ ಬರೋಣ, ಅವನ ಡ್ಯೂಟಿ ಯಾವಾಗ ಅಂತ ಕೇಳು ಅಂತಿದ್ದಾರೆ.