ಸಹಾಯ ಬೇಕು: ಮಗಳ ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಮುಂಚಿನ ಹೆದರಿಕೆ

ಡೊಂಬಿವಲಿ, ಠಾಣೆ ಕಡೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಮುಂದಿನ ವಾರ ನನ್ನ ಆರು ವರ್ಷದ ಮಗಳಿಗೆ ಟಾನ್ಸಿಲ್ ತೆಗೆಯಲಿದ್ದಾರೆ. ಅವಳಿಗೆ ಭಯವಿರುವುದು ಗಂಟಲು ನೋವಿನದ್ದಲ್ಲ. ಮುಖಕ್ಕೆ ಹಾಕುವ ಮಾಸ್ಕ್‌ನದ್ದು, ನನ್ನನ್ನು ಬಿಟ್ಟು ಒಳಗೆ ಹೋಗುವುದರದ್ದು. "ನಿದ್ದೆ ಬರಿಸುತ್ತಾರೆ" ಎಂದರೆ "ಮಧ್ಯದಲ್ಲಿ ಎಚ್ಚರವಾದರೆ?" ಎನ್ನುತ್ತಾಳೆ. ಔಷಧಿ ಕೊಡುತ್ತಲೇ ಇರುತ್ತಾರೆ, ಕೆಲಸ ಮುಗಿದ ಮೇಲೆಯೇ ಎಬ್ಬಿಸುತ್ತಾರೆ ಎಂದು ವಿವರಿಸಿದೆ. ಅರ್ಧ ನಂಬಿದ್ದಾಳೆ.

ಮಗು ನಿದ್ದೆಹೋಗುವವರೆಗೆ ತಾಯಿ ಜೊತೆಗಿರಬಹುದೇ ಎಂದು ಆಸ್ಪತ್ರೆಯಲ್ಲಿ ಕೇಳಿದರೆ "ಆ ದಿನ ನೋಡೋಣ" ಎಂದರು. ಈ ಉತ್ತರ ನನಗೆ ಸಾಲದು. ಮುಂಬಯಿ ಭಾಗದಲ್ಲಿ ನಿಮ್ಮಲ್ಲಿ ಯಾರನ್ನಾದರೂ ಹಾಗೆ ಒಳಗೆ ಬಿಟ್ಟಿದ್ದಾರೆಯೇ? ಯಾರ ಬಳಿ, ಯಾವಾಗ ಕೇಳಿದಿರಿ? ಮೊದಲೇ ಬಾಯಿಗೆ ಕೊಡುವ ಮಿಡಜೋಲಾಮ್ ಎಂಬ ಆತಂಕ ಕಡಿಮೆ ಮಾಡುವ ಔಷಧಿಯಿಂದ ನಿಮ್ಮ ಮಗು ಶಾಂತವಾಯಿತೇ? ಸೂಜಿ ಚುಚ್ಚುವ ಜಾಗಕ್ಕೆ ಮರಗಟ್ಟಿಸುವ ಕ್ರೀಮ್ ಹಚ್ಚಿಸಿದ್ದಿರಾ? ಅದಕ್ಕೆ ಸುಮಾರು ಒಂದು ಗಂಟೆ ಬೇಕಾದ್ದರಿಂದ ಮುಂಚೆಯೇ ಹೇಳಿಡಬೇಕು.

ಸದ್ಯ ನೆಬ್ಯುಲೈಸರ್ ಮಾಸ್ಕನ್ನು ಗೊಂಬೆಗೆ ಹಾಕಿ ಆಡುತ್ತಿದ್ದೇವೆ. ಗೊಂಬೆ ಧೈರ್ಯವಂತೆ, ಇವಳು ಇನ್ನೂ ಅಲ್ಲ.

ಇನ್ನೊಂದು ತೊಡಕು: ಮರಾಠಿ ಚೆನ್ನಾಗಿ ಬಂದರೂ ಹೆದರಿದಾಗ ಅವಳ ಬಾಯಲ್ಲಿ ಕನ್ನಡ ಮಾತ್ರ ಹೊರಡುತ್ತದೆ. ದಾದಿಯರಿಗೆ ಇದನ್ನು ಹೇಗೆ ತಿಳಿಸಿದಿರಿ?

"ಏನೂ ಆಗುವುದಿಲ್ಲ, ಐಸ್‌ಕ್ರೀಮ್ ಸಿಗುತ್ತದೆ" ಎನ್ನುವ ಸಲಹೆ ಊರಿನಿಂದ ಧಾರಾಳವಾಗಿ ಬಂದಿದೆ. ಅನುಭವವಿದ್ದವರು ಬರೆಯಿರಿ.