ಹಳೇ ಸ್ಯಾನ್ ಸ್ಟಾರ್ಮ್: ಬೆಳಿಗ್ಗೆ ಎರಡನೇ ಗೇರ್ ಬೀಳೋದೇ ಇಲ್ಲ, ಆಯಿಲ್ ಬದಲಿಸಿದ್ರೆ ಸರಿಯಾಗ್ತದಾ?

ಸದಾಶಿವಗಡದವ:

ಗೋವಾದಲ್ಲಿ ತಯಾರಾಗ್ತಿದ್ದ ಸ್ಯಾನ್ ಸ್ಟಾರ್ಮ್ ಯಾರಿಗಾದ್ರೂ ನೆನಪಿದ್ಯಾ? ಎರಡೇ ಸೀಟು, ಫೈಬರ್ ಬಾಡಿ, ಟಾಪ್ ತೆಗೆದು ಓಡಿಸೋ ಗಾಡಿ. ಮಡಗಾಂವ್ ಕಡೆಯವರೊಬ್ಬರ ಶೆಡ್ಡಲ್ಲಿ ನಿಂತಿದ್ದನ್ನ ತಗೊಂಡು ಕಾರವಾರಕ್ಕೆ ತಂದಿದ್ದೇನೆ. ಒಳಗಿರೋದು ರೆನೋದ 1149 ಸಿಸಿ ಪೆಟ್ರೋಲ್ ಎಂಜಿನ್, 60 ಎಚ್‌ಪಿ. "ಇದೆಂತ ಸ್ಪೋರ್ಟ್ಸ್ ಕಾರು ಮಾರಾಯ" ಅಂತ ನಗೋರಿದ್ದಾರೆ. ಸಂಜೆ ಹೊತ್ತು ಟಾಪ್ ತೆಗೆದು ಕಾಳಿ ಸೇತುವೆ ದಾಟುವಾಗ ಪಕ್ಕದಲ್ಲಿ ಕೂರಿಸ್ಕೊಂಡ್ರೆ ಆಮೇಲೆ ಯಾರೂ ನಗೂದಿಲ್ಲ.

ತೊಂದ್ರೆ ಇರೋದು ಗೇರಿಂದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಹೊರಟ್ರೆ ಒಂದರಿಂದ ಎರಡಕ್ಕೆ ಹೋಗೋದೇ ಇಲ್ಲ. ಗೇರ್ ಕಡ್ಡಿ ಎರಡರ ಬಾಗಿಲಲ್ಲೇ ನಿಂತ್ಬಿಡ್ತದೆ, ಒತ್ತಿದ್ರೆ ಕರ್ರ್ ಅಂತ ಒಳಗೆ ಬೀಳ್ತದೆ. ಬಿಣಗಾ ದಾಟಿ ಅಂಕೋಲೆ ಹತ್ರ ಬರೋಷ್ಟರಲ್ಲಿ ಬಿಸಿಯಾಗಿ ಸುಮಾರು ಸರಿ ಹೋಗ್ತದೆ. ಆದ್ರೆ ಯಲ್ಲಾಪುರಕ್ಕೆ ಹೋಗುವಾಗ ಅರಬೈಲ್ ಘಾಟಿನ ತಿರುವಲ್ಲಿ ಮೂರರಿಂದ ಎರಡಕ್ಕೆ ಇಳಿಸಿದ್ರೆ ಬಿಸಿಯಿದ್ರೂ ಸಣ್ಣಕ್ಕೆ ಕರ್ ಅಂತದೆ.

ಹಳೇ ಮಾಲೀಕರಿಗೆ ಒಳಗೆ ಯಾವ ಆಯಿಲ್ ಇದೆ ಅಂತ ಗೊತ್ತಿಲ್ಲ. ಇಲ್ಲೊಬ್ಬ ಮೆಕ್ಯಾನಿಕ್ ನೋಡಿದ್ದೇ "ಗೇರ್ ಪೆಟ್ಟಿಗೆ ಇಳಿಸ್ಬೇಕು, ಸಾಮಾನು ಎಲ್ಲಿಂದ ತರ್ತೀರೋ ನಿಮ್ಗೆ ಬಿಟ್ಟಿದ್ದು" ಅಂದ. ಇನ್ನೊಬ್ಬ "ಆಯಿಲ್ ಬದಲಿಸಿ ಸಾಕು" ಅಂದ. ಯಾವ ಆಯಿಲ್, ಎಷ್ಟು ಲೀಟರ್, ಅದ್ರಿಂದ ನಿಜವಾಗ್ಲೂ ಉಪಯೋಗ ಉಂಟಾ?

ಕುಮಟಾ ಟೆಂಪೋ:

90 ನಂಬರ್ ದಪ್ಪ ಗೇರ್ ಆಯಿಲ್ ಹಾಕಿ, ಜಿಎಲ್-5 ದರ್ಜೆದು. ನಮ್ಮ ಟೆಂಪೋಗೆ ಅದೇ. ದಪ್ಪ ಇದ್ದಷ್ಟೂ ಗೇರ್ ಸೌಂಡು ಕಡಿಮೆ. ಜಾಸ್ತಿ ತಲೆ ಕೆಡಿಸ್ಕೊಳ್ಬೇಡಿ.

ಶಿರಸಿ ಭಟ್ಟ:

ಟೆಂಪೋದವರೆ, ನಿಮ್ಮ ಗಾಡಿಯ ಹಿಂದಿನ ಹೌಸಿಂಗಿಗೆ ಅದು ಸರಿಯೇ. ಅಲ್ಲಿ ಚಕ್ರಕ್ಕೆ ಓಟ ಕೊಡೋ ಕ್ರೌನ್ ಪಿನಿಯನ್ ಗೇರು ಹೈಪಾಯ್ಡ್ ತರದ್ದು, ಹಲ್ಲುಗಳು ಒಂದ್ರ ಮೇಲೊಂದು ಜಾರ್ತಾ ಉಜ್ತವೆ, ಜಿಎಲ್-5ರ ಗಂಧಕದ ಮದ್ದು ಬೇಕೇ ಬೇಕು. ಈ ಹುಡುಗನ ಗಾಡಿ ಮುಂದಿನ ಚಕ್ರದಲ್ಲಿ ಓಡೋದು. ಎರಡೂ ಚಕ್ರಕ್ಕೆ ಓಟ ಹಂಚೋ ಡಿಫರೆನ್ಶಿಯಲ್ ಗೇರ್ ಬಾಕ್ಸಿನ ಒಳಗೇ ಇದೆ, ಅದ್ರ ಹಲ್ಲು ಮಾಮೂಲಿ ಓರೆ ಹಲ್ಲು. ಅದಕ್ಕೆ ಆ ಮದ್ದು ಕಡಿಮೆ ಇರೋ ಜಿಎಲ್-4 ಧಾರಾಳ ಆಯ್ತು.

ತಮಾ, ಆಯಿಲ್ ಹೆಸ್ರು ಕೇಳೂಕೆ ಮೊದ್ಲು ಕಾಸು ಖರ್ಚಿಲ್ಲದ ಪರೀಕ್ಷೆ ಮಾಡು. ಎಂಜಿನ್ ಐಡಲ್‌ನಲ್ಲಿರ್ಲಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರಾ ಒತ್ತಿ ನಾಕೈದು ಸೆಕೆಂಡ್ ಸುಮ್ನೆ ಕೂರು, ಆಮೇಲೆ ರಿವರ್ಸ್ ಹಾಕು. ಕರ್ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅಂತ ಲೆಕ್ಕ. ಕೇಬಲ್ ಕ್ಲಚ್ ಆದ್ರೆ ಕೇಬಲ್ ನೋಡು, ಆಮೇಲೆ ಪ್ಲೇಟು. ಅಂಥ ಗಾಡಿಗೆ ಅಮೃತ ಹೊಯ್ದ್ರೂ ಗೇರ್ ಬೀಳೂದಿಲ್ಲ. ಇನ್ನೊಂದು, ಎಂಜಿನ್ ಬಂದ್ ಮಾಡಿ ಎಲ್ಲಾ ಗೇರ್ ಹಾಕಿ ನೋಡು. ಆಗ್ಲೂ ಸಿಕ್ಕಾಕ್ಕೊಂಡ್ರೆ ಹೆಚ್ಚಾಗಿ ದೋಷ ಒಳಗಿಂದಲ್ಲ, ಕಡ್ಡಿ ಕೆಳಗಿನ ಲಿಂಕೇಜಿನ ಬುಷ್‌ಗಳದ್ದು. ಕೊನೇದು ಡಬಲ್ ಕ್ಲಚ್. ಮೂರರಿಂದ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ರೇಸ್ ಕೊಡು, ಮತ್ತೆ ಕ್ಲಚ್ ಒತ್ತಿ ಎರಡು. ಹಾಗೆ ಮಾಡಿದಾಗ ಬೆಣ್ಣೆ ತರ ಬಿದ್ರೆ ಸ್ಪೀಡು ಹೊಂದಿಸೋ ಸಿಂಕ್ರೋ ರಿಂಗ್ ಸೋತಿದೆ.

ಈಗ ಆಯಿಲ್ ವಿಷಯ. ಎರಡನೇ ಗೇರಿನ ಪಕ್ಕ ಒಂದು ಹಿತ್ತಾಳೆ ರಿಂಗ್ ಇರ್ತದೆ, ಅದೇ ಈ ಸಿಂಕ್ರೋ ರಿಂಗ್. ನೀನು ಕಡ್ಡಿ ಒತ್ತಿದಾಗ ಆ ರಿಂಗ್ ಗೇರಿನ ಕೋನ್ ಮೇಲೆ ಕೂತು, ನಡುವಿನ ಆಯಿಲನ್ನ ತನ್ನ ಸಣ್ಣ ಗೀರುಗಳಿಂದ ಆಚೆ ತಳ್ಳಿ, ಕೋನನ್ನ ಹಿಡ್ಕೊಳ್ಬೇಕು. ಎರಡರ ಸ್ಪೀಡು ಒಂದಾದ ಮೇಲೇ ಗೇರ್ ಒಳಗೆ ಹೋಗೂದು. ಎಲ್ಲರೂ ಗೇರ್ ಆಯಿಲ್ ಅಂದ್ರೆ ಬರೀ ಜಾರಿಸ್ಲಿಕ್ಕೆ ಅಂದ್ಕೋತಾರೆ, ಇಲ್ಲಿ ಮಾತ್ರ ಅದು ಸ್ವಲ್ಪ ಹಿಡೀಲಿಕ್ಕೂ ಬಿಡ್ಬೇಕು. ಆಯಿಲ್ ದಪ್ಪ ಇದ್ರೆ ತಣ್ಣಗಿರುವಾಗ ಆ ಪದರ ಹರಿಯೂದೇ ಇಲ್ಲ. ಜಿಎಲ್-5 ಹಾಕಿದ್ರೆ ಅದು ಬೇಕಾದ್ದಕ್ಕಿಂತ ನುಣುಪು, ರಿಂಗಿಗೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಡಿಕೆ ಮರ ಹತ್ತಿದ ಹಾಗಾಗ್ತದೆ. ಅದ್ರ ಮೇಲೆ ಜಿಎಲ್-5ರ ಮದ್ದು ಕೆಲವು ಆಯಿಲಲ್ಲಿ ಹಿತ್ತಾಳೆಯನ್ನೇ ತಿಂತದೆ. ನಿಂದು ಬೆಳಿಗ್ಗೆ ಹಟ ಮಾಡಿ ಬಿಸಿಯಾದ ಮೇಲೆ ಸರಿ ಹೋಗ್ತದೆ ಅಂದ್ರೆ ಒಳಗೆ ಯಾರೋ 90 ಹೊಯ್ದಿದಾರೆ ಅಂತ್ಲೇ ನನ್ನ ಅನುಮಾನ.

ಪೆಟ್ಟಿಗೆ ಮೇಲೆ ನಂಬರ್ ಇರ್ತದೆ, ಒರೆಸಿ ನೋಡು. ಜೆಬಿ ಅಂತ ಶುರುವಾಗಿದ್ರೆ ಆ ಕಾಲದ ರೆನೋ ಕ್ಲಿಯೋಗೆ ಬರ್ತಿದ್ದ ಪೆಟ್ಟಿಗೆಯೇ. ಅದಕ್ಕೆ 75ಡಬ್ಲ್ಯೂ-80 ಅನ್ನೋ ತೆಳು ಆಯಿಲ್, ಸುಮಾರು 3.4 ಲೀಟರ್. ಅಂಗಡಿಯಲ್ಲಿ ಸ್ಯಾನ್ ಸ್ಟಾರ್ಮ್ ಅಂದ್ರೆ ಮುಖ ಮುಖ ನೋಡ್ತಾರೆ. ಲೋಗನ್, ವೆರಿಟೋ, ಡಸ್ಟರ್ ಕಾರಿಗೆ ಹಾಕೋ ಗೇರ್ ಆಯಿಲ್ ಕೊಡಿ ಅನ್ನು, ಎಲ್ಫ್ ಟ್ರಾನ್‌ಸೆಲ್ಫ್ 75ಡಬ್ಲ್ಯೂ-80 ಸಿಕ್ರೆ ಕಣ್ಣು ಮುಚ್ಚಿ ತಗೋ.

ಅಂಕೋಲೆ ಹುಡುಗ:

ಭಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಡ್ರೈನ್ ಪ್ಲಗ್ ಬಿಚ್ಚೂಕೆ ಮೊದ್ಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಲಿಕ್ಕೆ ಬರ್ತದಾ ನೋಡಿ. ಆಯಿಲ್ ಪೂರಾ ಇಳಿಸಿ ಆಮೇಲೆ ಫಿಲ್ಲರ್ ಬರದಿದ್ರೆ ಗಾಡಿ ಅಲ್ಲೇ ಬಾಕಿ. ರೆನೋದಲ್ಲಿ ಫಿಲ್ಲರ್ ಪ್ಲಾಸ್ಟಿಕ್, ಹಳೇದಾದ್ರೆ ಪಟ್ಟಂತ ಮುರೀತದೆ. ಡ್ರೈನ್ ಪ್ಲಗ್ಗಿಗೆ 8 ಎಂಎಂ ಚೌಕದ ಕೀ ಬೇಕು. ಅಲನ್ ಕೀ ತುರುಕಿ ತಿರುಗಿಸಿದ್ರೆ ಮೂಲೆ ಸವೆದು ಹೋಗ್ತದೆ. ನಮ್ಮ ಉಪ್ಪು ಗಾಳಿಗೆ ಪ್ಲಗ್ ಹಿಡ್ಕೊಂಡಿರ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿಡಿ.

ಆಯಿಲ್ ಬಿಳಿಚಿದ್ರೆ ನೀರು ಹೋಗಿದೆ ಅಂತ ಅರ್ಥ. ಬಿಸಿ ಗೇರ್ ಬಾಕ್ಸ್ ನೆರೆ ನೀರಲ್ಲಿ ಇಳಿದ್ರೆ ಒಮ್ಮೆಲೇ ತಣ್ಣಗಾಗಿ ಬ್ರೀದರ್ ಅನ್ನೋ ಗಾಳಿ ತೂತಿಂದ ನೀರು ಎಳ್ಕೊಳ್ತದೆ.

ಸದಾಶಿವಗಡದವ:

ಭಟ್ರೆ, ಎಲ್ಲಾ ಮಾಡಿದೆ. ರಿವರ್ಸ್ ಸದ್ದಿಲ್ದೆ ಬೀಳ್ತದೆ. ಎಂಜಿನ್ ಬಂದ್ ಮಾಡಿದಾಗ ಎಲ್ಲಾ ಗೇರ್ ಸಲೀಸು. ಡಬಲ್ ಕ್ಲಚ್ ಮಾಡಿದ್ರೆ ಎರಡು ಸೊಗಸಾಗಿ ಬೀಳ್ತದೆ. ನಂಬರ್ ಜೆಬಿ1 ಅಂತ ಶುರು.

ಗಾಡಿ ಬಿಸಿ ಮಾಡಿ ಆಯಿಲ್ ಇಳಿಸಿದೆ. ಅಬ್ಬಾ ಆ ವಾಸನೆ! ಸುಟ್ಟ ಗಂಧಕ, ಕೈ ತೊಳೆದ್ರೂ ಹೋಗ್ಲಿಲ್ಲ, ಮನೆಯವಳು ಊಟಕ್ಕೆ ಹೊರಗೆ ಕೂರಿಸಿದ್ಳು. ಬಿಸಿಯಿದ್ರೂ ಕಾಕಂಬಿ ಬಿದ್ದ ಹಾಗೆ ಬಿತ್ತು, ಬಣ್ಣ ಕಪ್ಪು. ಬೋಗುಣಿ ಬಿಸಿಲಿಗೆ ಹಿಡಿದ್ರೆ ಚಿನ್ನದ ಪುಡಿ ತೇಲ್ತಾ ಇತ್ತು. ಬೆರಳಲ್ಲಿ ಉಜ್ಜಿದ್ರೆ ಕೈಗೆ ಹತ್ತೂದಿಲ್ಲ, ಅಷ್ಟು ನಯ. ಚೂರು ಎಲ್ಲೂ ಇಲ್ಲ. ಮತ್ತೆ ಬಂದಿದ್ದು ಎರಡೂವರೆ ಲೀಟರ್ ಇರ್ಬಹುದು ಅಷ್ಟೇ. ಉಳಿದದ್ದು ಎಲ್ಲಿ ಹೋಯ್ತು?

ಶಿರಸಿ ಭಟ್ಟ:

ಚಿನ್ನದ ಪುಡಿ ರಿಂಗಿನ ಹಿತ್ತಾಳೆ. ನಯ ಇದ್ರೆ ಸವೆತ, ಹೆದರೂದು ಬೇಡ. ಕಬ್ಬಿಣದ ಚೂರು ಕಂಡಿದ್ರೆ ಬೇರೆ ಮಾತು.

ಉಳಿದ ಆಯಿಲ್ ಹುಡುಕ್ಲಿಕ್ಕೆ ಎಡಗಡೆ ಆಕ್ಸಲ್ ನೋಡು. ಈ ಪೆಟ್ಟಿಗೆಯಲ್ಲಿ ಎಡಗಡೆ ಒಳಗಿನ ಜಾಯಿಂಟಿಗೆ ಬೇರೆ ಗ್ರೀಸ್ ಇಲ್ಲ, ಗೇರ್ ಆಯಿಲೇ ಅಲ್ಲಿಗೆ ಹೋಗ್ತದೆ, ರಬ್ಬರ್ ಬೂಟೇ ಅದಕ್ಕೆ ಮುಚ್ಚಳ. ಬೂಟ್ ಬಿರುಕು ಬಿಟ್ರೆ ಪೆಟ್ಟಿಗೆ ಖಾಲಿ. ಎಷ್ಟೋ ಮಂದಿ "ಆಯಿಲ್ ಸೀಲ್ ಹೋಗಿದೆ" ಅಂತ ಸೀಲ್ ಹುಡುಕ್ತಾ ಕೂರ್ತಾರೆ, ಆ ಬದಿಗೆ ಮಾಮೂಲಿ ಸೀಲೇ ಇಲ್ಲ. ಬೂಟ್ ಬದಲಿಸಿದ ಮೇಲೇ ಹೊಸ ಆಯಿಲ್ ಹೊಯ್ಯಿ, ಇಲ್ದಿದ್ರೆ ದುಬಾರಿ ಆಯಿಲ್ ರಸ್ತೆಗೆ ಹೋಗ್ತದೆ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಫಿಲ್ಲರ್ ತೂತಿಂದ ಹೊರಗೆ ಹರಿಯೂವರೆಗೆ ಹಾಕು. ಜಾಕ್ ಮೇಲೆ ಮುಂದೆ ಎತ್ತಿಟ್ಟು ಅಳತೆ ನೋಡ್ಬೇಡ.

ಸದಾಶಿವಗಡದವ:

ಬೂಟೇ ಭಟ್ರೆ! ಮಡಿಕೆ ಒಳಗೆ ಉದ್ದಕ್ಕೆ ಸೀಳಿತ್ತು, ಕೈಯಲ್ಲಿ ಬಿಡಿಸಿ ಹಿಡಿದಾಗ್ಲೇ ಕಂಡದ್ದು. ಬೂಟ್ ಮಡಗಾಂವಲ್ಲಿ ಸಿಕ್ತು, ಆಯಿಲ್ ಹುಬ್ಬಳ್ಳಿಯಿಂದ ಬಸ್ಸಲ್ಲಿ ತರಿಸಿದೆ. ಹಾಕಿ ಮಾರನೇ ಬೆಳಿಗ್ಗೆ ಹೊರಟೆ. ಮೊದಲ ಸಲಕ್ಕೆ ಕಡ್ಡಿ ಒಂಚೂರು ತಡೀತು, ಆಮೇಲೆ ಬಿತ್ತು, ಸದ್ದಿಲ್ಲ. ಐದನೇ ಗೇರಲ್ಲಿ ಬರ್ತಿದ್ದ ಗುಂಯ್ ಅನ್ನೋ ಸದ್ದೂ ಸುಮಾರು ಇಳಿದಿದೆ. ಘಾಟಿಯಲ್ಲಿ ಮೂರರಿಂದ ಎರಡಕ್ಕೆ ಅವಸರ ಮಾಡಿದ್ರೆ ಮಾತ್ರ ಇನ್ನೂ ಕರ್ ಅಂತದೆ. ಪೆಟ್ಟಿಗೆ ಇಳಿಸ್ಲಾ?

ಶಿರಸಿ ಭಟ್ಟ:

ಬೇಡ. ಸವೆದ ರಿಂಗನ್ನ ಆಯಿಲ್ ಮತ್ತೆ ಬೆಳೆಸೂದಿಲ್ಲ, ಅಷ್ಟು ಉಳೀತದೆ. ಗೇರ್ ಇಳಿಸುವಾಗ ರಿಂಗಿಗೆ ಶಾಫ್ಟನ್ನ ಜೋರು ಮಾಡೋ ಕೆಲಸ, ಹಾಗಾಗಿ ಅಲ್ಲೇ ಮೊದಲು ಸೋಲ್ತದೆ. ಘಾಟಿಯಲ್ಲಿ ಡಬಲ್ ಕ್ಲಚ್ ಮಾಡ್ತಾ ಓಡಿಸು, ನಿನ್ನ ಗಾಡಿಗೆ ಅದೇ ಚಂದ. ಕಡ್ಡಿ ಮೇಲೆ ಕೈ ಇಟ್ಕೊಂಡೇ ಓಡಿಸೋ ಚಟ ಇದ್ರೆ ಬಿಡು. ರಿಂಗ್ ಎಲ್ಲಾದ್ರೂ ಸಿಕ್ಕಿದ್ರೆ ತಗೊಂಡಿಡು, ಕ್ಲಚ್ ಪ್ಲೇಟ್ ಬದಲಿಸ್ಲಿಕ್ಕೆ ಹೇಗೂ ಒಮ್ಮೆ ಪೆಟ್ಟಿಗೆ ಇಳಿಸ್ಬೇಕಾಗ್ತದೆ, ಆಗ ಒಟ್ಟಿಗೇ ಹಾಕಿಸು. ಈ ಆಯಿಲಲ್ಲೂ ಹಳೇ ಹೊಲಸು ಬೆರೀತದೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಇಳಿಸಿ ಮತ್ತೆ ಹೊಸತು ಹಾಕು.

ಕುಮಟಾ ಟೆಂಪೋ:

ಇಳಿಸಿದ ಆ ದಪ್ಪ ಆಯಿಲ್ ಇದ್ರೆ ಇಟ್ಟಿರಿ ಮಾರಾಯ್ರೆ, ಈ ವಾರ ಕಾರವಾರಕ್ಕೆ ಲೋಡಿದೆ. ಗೇಟಿನ ತಿರುಗಣೆಗೆ ಬೇಕಿತ್ತು.